ಆಶಾ ಕಾರ್ಯಕರ್ತೆಯ ಫಾರಂನಲ್ಲಿ ಬಿಟ್ಟುಹೋದ ಪ್ರಶ್ನೆ

ಅಮೆರಿಕದ ಮಿಷಿಗನ್‌ನಲ್ಲಿ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ಹೆಂಗಸೊಬ್ಬಳು 1895ರಲ್ಲಿ ಒಂದು ಮಾತು ಹೇಳಿದಳು: ಮನೆಯವರು ಹೋದಂತೆ ತಾನೂ ಹೊಟ್ಟೆಯದ್ದೋ ಕರುಳಿನದ್ದೋ ಗರ್ಭಕೋಶದ್ದೋ ಕ್ಯಾನ್ಸರಿನಿಂದಲೇ ಸಾಯುವುದು. ಆಕೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಂಶವೃಕ್ಷವನ್ನು 1913ರಲ್ಲಿ ಪ್ರಕಟಿಸಿದರು, ಕೇಳಿಸಿಕೊಂಡವರು ಕಡಿಮೆ. 1960ರ ದಶಕದಲ್ಲಿ ಹೆನ್ರಿ ಲಿಂಚ್ ಆ ಎಳೆಯನ್ನು ಮತ್ತೆ ಹಿಡಿದರು. ಕಾರಣವಾದ ಜೀನ್‌ಗಳು ಸಿಗತೊಡಗಿದ್ದು 1993ರಿಂದೀಚೆಗೆ. ಮನೆತನದಲ್ಲಿ ಹೀಗೆ ಹರಿದುಬರುವ ಕ್ಯಾನ್ಸರಿನ ಅಪಾಯಕ್ಕೆ ಇಂದು ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಕರುಳಿನ ಕ್ಯಾನ್ಸರನ್ನು ಬೇಗ ಪತ್ತೆಹಚ್ಚಲು ಜಪಾನ್ 1992ರಿಂದ 40 ದಾಟಿದವರ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುತ್ತಿದೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಭಾರತವೂ ಇದನ್ನೇ ನಕಲು ಮಾಡಬೇಕೆ? ಬೇಕಿಲ್ಲ. ಇಲ್ಲಿ ಈ ರೋಗದ ಪ್ರಮಾಣ ಆ ದೇಶಗಳಿಗಿಂತ ಬಹಳ ಕಡಿಮೆ. ಜೊತೆಗೆ, ಎಲ್ಲರಿಗೂ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸುತ್ತೇವೆಂದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾಡುವವರು ಯಾರು?

ಆದರೆ ಅಪಾಯ ಯಾರಿಗೆ ಹೆಚ್ಚು ಎಂದು ಗುರುತಿಸಲು ದುಡ್ಡು ಬೇಕಿಲ್ಲ, ಕೇಳಬೇಕಷ್ಟೆ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಹೊತ್ತು ತರುವ ಫಾರಂನಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ ಎಂಬ ಪ್ರಶ್ನೆಯಿದೆ. ಅದೇ ಸಾಲಿಗೆ ಕರುಳಿನ ಕ್ಯಾನ್ಸರನ್ನೂ ಸೇರಿಸಬೇಕು. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಸರ್ಕಾರಿ ತಪಾಸಣೆ ಇದೆ. ಕರುಳಿನ ಸರದಿ ಇನ್ನೂ ಬಂದಿಲ್ಲ.

ಉತ್ತರ ಸುಲಭವಾಗಿ ಸಿಗಲಿಕ್ಕಿಲ್ಲ, ನಿಜ. ‘ಅಜ್ಜ ಹೊಟ್ಟೆನೋವಿನಲ್ಲಿ ಹೋದರು’ ಎಂದು ಮುಗಿಸಿಬಿಡುವ ಮನೆಗಳು ಎಷ್ಟಿಲ್ಲ! ಮಗಳ ಮದುವೆ ಗೊತ್ತಾಗುವವರೆಗೆ ಕ್ಯಾನ್ಸರ್ ಎಂಬ ಪದವೇ ಹೊಸಿಲು ದಾಟುವುದಿಲ್ಲ.

ಇನ್ನೊಂದು ತೊಡಕು ಮೂಲವ್ಯಾಧಿಯದ್ದು. ಮಲದಲ್ಲಿ ರಕ್ತ ಕಂಡರೆ ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’ ಎನ್ನುವವರುಂಟು. ‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ’ ಎಂಬ ಬೋರ್ಡುಗಳಂತೂ ಬಸ್‌ಸ್ಟ್ಯಾಂಡಿನ ಸುತ್ತಲೇ ಇರುತ್ತವೆ. ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಇದ್ದೀತು. ಆದರೆ ಪರೀಕ್ಷಿಸದೆ ಹಾಗೆಂದು ತೀರ್ಮಾನಿಸಿ ತಿಂಗಳುಗಟ್ಟಲೆ ಮುಲಾಮು ಹಚ್ಚಿಸುವುದು ಅಕ್ಷಮ್ಯ. ಕರುಳಿನ ಒಳಗೋಡೆಯ ಪುಟ್ಟ ಗಂಟು, ಅಂದರೆ ಪಾಲಿಪ್, ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕಂಡರೆ ಕೊಲೊನೋಸ್ಕೋಪಿ ಮಾಡುವಾಗಲೇ ಕತ್ತರಿಸಿ ತೆಗೆಯಬಹುದು.

ಹತ್ತಿರದ ರಕ್ತಸಂಬಂಧಿಗೆ ಈ ರೋಗ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಶುರುವಾಗಬೇಕು ಎನ್ನುತ್ತಾರೆ ವೈದ್ಯರು. ಅಪ್ಪನಿಗೆ 45ರಲ್ಲಿ ಪತ್ತೆಯಾಗಿದ್ದರೆ ಮಕ್ಕಳಿಗೆ 35ಕ್ಕೇ. ಲಿಂಚ್ ಸಿಂಡ್ರೋಮ್ ಇರುವ ಮನೆತನದಲ್ಲಾದರೆ ಇನ್ನೂ ಮೊದಲು, ಇಪ್ಪತ್ತರ ಹರೆಯದಲ್ಲೇ.