ಹಂಡೆಯ ಜಾಗಕ್ಕೆ ಬಂದ ಗೀಸರ್

ಮಲೆನಾಡಿನ ಎಷ್ಟೋ ಬಚ್ಚಲುಮನೆಗಳಲ್ಲಿ ತಾಮ್ರದ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ. ಹಂಡೆಯ ಬಿಸಿಯನ್ನು ಬೆರಳದ್ದಿ ಅಳೆಯುತ್ತಿದ್ದವರೇ ಗೀಸರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಮರೆತುಬಿಡುತ್ತಾರೆ.

ಬಚ್ಚಲಿನ ಗಾಳಿ 20 ಡಿಗ್ರಿಯಿದ್ದಾಗ ನೀರನ್ನು 60ರ ಬದಲು 70 ಡಿಗ್ರಿಯಲ್ಲಿ ಸದಾ ಕಾಯಿಸಿಟ್ಟರೆ, ಶಾಖದ ಅಂತರ 40ರಿಂದ 50ಕ್ಕೇರಿ, ವ್ಯರ್ಥವಾಗಿ ಸೋರುವ ಶಾಖವು ಸುಮಾರು ಕಾಲುಭಾಗ ಹೆಚ್ಚುತ್ತದೆ. ರಾಜ್ಯದ ವಿದ್ಯುತ್ತಿನಲ್ಲಿ ಶರಾವತಿಯ ಪಾಲಿದೆ; 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಊರುಗಳು ಆ ಪಾಲಿಗೆ ತೆತ್ತ ಬೆಲೆ.

ಹಾಗೆಂದು ಗುಂಡಿಯನ್ನು ತೀರ ಇಳಿಸುವುದೂ ಸಲ್ಲದು. 20ರಿಂದ 45 ಡಿಗ್ರಿಯಲ್ಲಿ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಷವರಿನ ತುಂತುರಿನೊಡನೆ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ತರಬಲ್ಲದು. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಆದ್ದರಿಂದ ಗುಂಡಿಯನ್ನು 60ಕ್ಕೆ ನಿಲ್ಲಿಸಿ, ಸ್ನಾನಕ್ಕೆ ಮೊದಲಷ್ಟೇ ಹಾಕಿ, ಕಾದೊಡನೆ ಆರಿಸುವುದು ಉಚಿತ. ಆದರೆ ಅಷ್ಟು ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಮಕ್ಕಳ, ಮುದುಕರ ಬಕೆಟ್ಟಿಗೆ ತಣ್ಣೀರೇ ಮೊದಲು ಬೀಳಬೇಕು.

ಅನೇಕ ಗುಂಡಿಗಳ ಮೇಲೆ ಅಂಕಿಗಳೇ ಇರುವುದಿಲ್ಲ. ಶಾಲೆಯ ಪ್ರಯೋಗಶಾಲೆಯ ಉಷ್ಣತಾಮಾಪಕವನ್ನು ಒಮ್ಮೆ ಮನೆಗೆ ತಂದು, ನಲ್ಲಿಯ ಬಿಸಿನೀರಿನಲ್ಲಿ ಅದ್ದಿ, 60 ತೋರುವ ಜಾಗಕ್ಕೆ ಗುಂಡಿಯ ಪಕ್ಕದಲ್ಲಿ ಗುರುತು ಹಾಕುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು.