ಗೆಳತಿಗೆ ಕೈಹೊಲಿಗೆಯ ಕಾಣಿಕೆ

ಕಾಣಿಕೆಯ ಬೆಲೆಯು ಅಂಗಡಿಯ ಚೀಟಿಯಲ್ಲಿಲ್ಲ. ಕೊಡುವವಳು ಪಡೆಯುವವಳನ್ನು ಎಷ್ಟು ಬಲ್ಲಳೆಂಬದರಲ್ಲಿ ಇರುವದು. ಇದನ್ನು ಒಪ್ಪದವರಿಲ್ಲ. ಆದರೂ ಮದುವೆ, ಮನೆಯೊಕ್ಕಲುಗಳು ಬಂದಾಗ ನಾವು ಗಡಿಯಾರವನ್ನೋ ಗಾಜಿನ ಬೊಂಬೆಯನ್ನೋ ಕೊಂಡು ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಅದು ಕಪಾಟು ಸೇರುತ್ತದೆ. ಆದಕಾರಣ ಈ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ಗೆಳತಿಗೆ ನಿಮ್ಮ ಕೈಯಿಂದಲೇ ಒಂದು ಏಪ್ರನ್ ಹೊಲಿದು ಕೊಡಿರಿ.

ಹೊಲಿದು ಕೊಡುವದು ನಮ್ಮ ಸೀಮೆಗೆ ಹೊಸತಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ನಾಡಿನ ಬಹುಭಾಗವು ಹತ್ತಿ ಬೆಳೆಯುವ ಎರೆಭೂಮಿ. ಇಲ್ಲಿಯ ತಾಯಂದಿರು ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವರು. ಕೂಸಿಗೆ ಕುಂಚಿಗೆ ಹೊಲಿದು ಅದರ ಮೇಲೆ ಕಸೂತಿ ತೆಗೆಯುವರು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಈ ಕಸೂತಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೈಬಲಿನಲ್ಲಿಯೂ ಯೊಪ್ಪದ ದೊರ್ಕಳೆಂಬ ಸ್ತ್ರೀಯು ಸತ್ತಾಗ ವಿಧವೆಯರು ಅಳುತ್ತ ತೋರಿಸಿದ್ದು ಅವಳು ಹೊಲಿದುಕೊಟ್ಟ ಉಡುಪುಗಳನ್ನೇ ಅಲ್ಲವೇ?

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದುಡಿಯುವ ನಮ್ಮವರಿಗೆ ಪರದೇಶದ ಏಪ್ರನ್ ಯಾತಕ್ಕೆ ಎಂದು ಕೆಲವರು ಕೇಳಬಹುದು. ಸಿಕ್ಕಿಸಿದ ಸೆರಗು ಬಗ್ಗಿದಾಗ ಜಾರುವದು. ಜಾರಿದ ಸೆರಗು ಒಲೆಯ ಉರಿಗೆ ತಗಲಿ ಎಷ್ಟೋ ಮನೆಗಳಲ್ಲಿ ಅನಾಹುತವಾಗಿದೆ. ಏಪ್ರನ್ನು ಸೆರಗನ್ನು ಬಿಗಿಯಾಗಿ ಹಿಡಿದಿಡುವದು. ಆದರೆ ಅದು ಹತ್ತಿಯದೇ ಆಗಿರತಕ್ಕದ್ದು. ಹತ್ತಿಯ ಅರಿವೆಗೂ ಬೆಂಕಿ ಹತ್ತುವದುಂಟು. ಪಾಲಿಯೆಸ್ಟರ್, ನೈಲಾನುಗಳಾದರೋ ಕರಗಿ ಮೈಗೆ ಅಂಟಿಕೊಳ್ಳುವವು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದದ್ದು. ವಿದ್ಯೆ ಕಲಿತ ಹೆಣ್ಣಿಗೆ ಏಪ್ರನ್ ಕೊಡುವದೆಂದರೆ ಅವಳನ್ನು ಪುನಃ ಒಲೆಯ ಮುಂದೆ ಕೂಡ್ರಿಸಿದಂತಲ್ಲವೇ? ಈ ಮಾತಿನಲ್ಲಿ ಸತ್ಯಾಂಶವುಂಟು; ನಗುತ್ತ ತಳ್ಳಿಹಾಕತಕ್ಕದ್ದಲ್ಲ. ಆದರೆ ಏಪ್ರನ್ನು ಅಡಿಗೆಮನೆಯೊಂದರದೇ ಸೊತ್ತಲ್ಲ. ಬಡಗಿಯೂ ಕಮ್ಮಾರನೂ ಅದನ್ನು ಕಟ್ಟುವರು. ವೈದ್ಯಕೀಯ ವಿದ್ಯಾರ್ಥಿನಿಯು ತೊಡುವ ಬಿಳಿಯ ಅಂಗಿಗೂ ನಮ್ಮಲ್ಲಿ ಏಪ್ರನ್ ಎಂದೇ ಹೆಸರು. ಅದು ದುಡಿಮೆಯ ಉಡುಪು. ದುಡಿಮೆಯು ಒಬ್ಬಳ ಪಾಲಿಗೇ ಬಂದಾಗ ಮಾತ್ರ ಅದು ಬಂಧನವಾಗುವದು. ಆದ್ದರಿಂದ ಹೊಸದಾಗಿ ಮದುವೆಯಾದ ಗೆಳತಿಗೆ ಕೊಡುವಾಗ ಒಂದನ್ನಲ್ಲ, ಒಂದೇ ಅರಿವೆಯಲ್ಲಿ ಎರಡನ್ನು ಹೊಲಿಯಿರಿ. ಒಂದು ಅವಳಿಗೆ, ಇನ್ನೊಂದು ಅವಳ ಪತಿಗೆ. ಹೇಳಬೇಕಾದದ್ದನ್ನು ಆ ಎರಡನೆಯ ಏಪ್ರನ್ನೇ ಹೇಳುವದು. ತಂದೆತಾಯಿಗಳೂ ಗಂಡುಮಕ್ಕಳ ಕೈಗೆ ಸೂಜಿ ದಾರ ಕೊಟ್ಟು ಕಲಿಸಿದರೆ ಇನ್ನೂ ಉತ್ತಮ.

ಹೊಲಿಯುವ ಕ್ರಮವು ಕಠಿಣವಲ್ಲ. ಒಂದಕ್ಕೆ ಸುಮಾರು ಒಂದು ಮೀಟರು ಕೈಮಗ್ಗದ ಅರಿವೆ ಸಾಕು. ಕತ್ತರಿಸುವ ಮೊದಲು ಅದನ್ನು ನೀರಲ್ಲಿ ನೆನೆಸಿ ಒಣಗಿಸಿರಿ. ಇಲ್ಲವಾದರೆ ಮೊದಲನೆಯ ಒಗೆತದಲ್ಲಿಯೇ ಕುಗ್ಗುವದು. ಬಣ್ಣ ಬಿಡುವದೋ ಎಂದು ಒದ್ದೆಯ ಬಿಳಿ ಚಿಂದಿಯಿಂದ ಉಜ್ಜಿ ನೋಡಿರಿ. ಪಟ್ಟಿಗಳು ಕೂಡುವ ಮೂಲೆಗಳಲ್ಲಿ ಚೌಕವಾಗಿ ಇಮ್ಮಡಿ ಹೊಲಿಗೆ ಹಾಕಿರಿ; ಎಳೆತವು ಬೀಳುವದು ಅಲ್ಲಿಯೇ. ಕಿಸೆಯ ಮೇಲೆ ಸಣ್ಣದೊಂದು ಗೋಪುರವನ್ನೋ ತುಳಸೀವೃಂದಾವನವನ್ನೋ ಗವಂತಿ ಹೊಲಿಗೆಯಲ್ಲಿ ತೆಗೆಯಿರಿ. ಅದರಲ್ಲಿ ಗಂಟಿಲ್ಲ, ಮುಂದೂ ಹಿಂದೂ ಒಂದೇ ರೂಪ. ಸ್ನೇಹಕ್ಕೆ ಇದಕ್ಕಿಂತ ತಕ್ಕ ಹೊಲಿಗೆಯಾವದು?

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಅಂಗಡಿಯವನು ಎಲ್ಲರಿಗೂ ಒಂದೇ ಅಳತೆಯದನ್ನು ಮಾರುವನು. ಗೆಳತಿಯಾದರೋ ಇವಳು ಎಡಗೈಯವಳು, ಕಿಸೆ ಎಡಕ್ಕಿರಲಿ. ಇವಳ ಕೊರಳು ನೋಯುವದುಂಟು, ಪಟ್ಟಿಯು ಬೆನ್ನ ಮೇಲೆ ಅಡ್ಡಹಾಯಲಿ ಎಂದು ಯೋಚಿಸುವಳು. ಹೊಲಿಯುವಷ್ಟು ಹೊತ್ತೂ ಗೆಳತಿಯು ಅವಳ ಮನಸ್ಸಿನಲ್ಲಿರುವಳು. ಹಣದಿಂದ ಕೊಳ್ಳಲಾಗದ್ದು ಈ ಹೊತ್ತು.

ಪಡೆದವಳಿಗೂ ಒಂದು ಮಾತು. ಕೊಳೆಯಾದೀತೆಂದು ಅದನ್ನು ಟ್ರಂಕಿನಲ್ಲಿ ಮಡಿಚಿಡಬೇಡಿರಿ. ಅರಿಸಿನದ ಕಲೆ ಬೀಳಲಿ, ಒಗೆದು ಒಗೆದು ಬಣ್ಣ ಮಾಸಲಿ, ಹರಿದರೆ ತೇಪೆ ಹಚ್ಚಿರಿ. ಹೊಲಿದವಳಿಗೆ ಅದೇ ಉಪಕಾರಸ್ಮರಣೆ.