ಸತ್ತವನ ಸಂಗೀತಕ್ಕೆ ಒಡೆಯರು ಯಾರು? ಜೆ ಡಿಲಾ ಬಿಟ್ಟುಹೋದ ಆಸ್ತಿ

ಜನಪ್ರಿಯ ಸಂಗೀತದ ಮಾರುಕಟ್ಟೆಯಲ್ಲಿ ಕಲಾವಿದನ ಸಾವು ವ್ಯಾಪಾರದ ಅಂತ್ಯವಾಗುವುದು ಅಪರೂಪ. 1996ರಲ್ಲಿ ಗುಂಡೇಟಿಗೆ ಬಲಿಯಾದ ಟುಪಾಕ್ ಶಕೂರ್ ಹೆಸರಿನಲ್ಲಿ ಮುಂದಿನ ಹತ್ತು ವರ್ಷಗಳ ಕಾಲ ಹೊಸ ಆಲ್ಬಂಗಳು ಬರುತ್ತಲೇ ಇದ್ದವು. 2018ರಲ್ಲಿ ತೀರಿಕೊಂಡ ಮ್ಯಾಕ್ ಮಿಲ್ಲರ್‌ನ 'ಸರ್ಕಲ್ಸ್' 2020ರಲ್ಲಿ ಬಂತು, 'ಬಲೂನೆರಿಸಂ' 2025ರಲ್ಲಿ. ಆದರೆ ಸತ್ತವನ ಅಪೂರ್ಣ ಕೆಲಸವನ್ನು ಯಾರು ಮುಗಿಸಬೇಕು, ಹೇಗೆ ಮುಗಿಸಬೇಕು, ಬಂದ ಹಣ ಯಾರಿಗೆ ಸೇರಬೇಕು ಎಂಬ ಮೂರೂ ಪ್ರಶ್ನೆಗಳು ಒಂದೇ ವ್ಯಕ್ತಿಯ ಸುತ್ತ ಹೆಣೆದುಕೊಂಡ ಪ್ರಕರಣ ನೋಡಬೇಕೆಂದರೆ ಅಮೆರಿಕದ ಡೆಟ್ರಾಯಿಟ್ ನಗರದ ಜೇಮ್ಸ್ ಡೆವಿಟ್ ಯಾನ್ಸಿಯ ಕಥೆಗೇ ಹೋಗಬೇಕು. ಸಂಗೀತಲೋಕ ಆತನನ್ನು ಬಲ್ಲದ್ದು ಜೆ ಡಿಲಾ ಎಂಬ ಹೆಸರಿನಿಂದ. 2006ರ ಫೆಬ್ರುವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ಆತ ಕೊನೆಯುಸಿರೆಳೆದಾಗ ವಯಸ್ಸು 32 ತುಂಬಿ ಮೂರೇ ದಿನಗಳಾಗಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಆತನ 'ದಿ ಶೈನಿಂಗ್' ಆಲ್ಬಂ ಹೊರಬಂತು.

ಡಿಲಾ ಹಿಪ್-ಹಾಪ್ 'ಪ್ರೊಡ್ಯೂಸರ್'. ಇದನ್ನು 'ನಿರ್ಮಾಪಕ' ಎಂದು ಅನುವಾದಿಸಿದರೆ ಗಾಂಧಿನಗರದ ಓದುಗರಿಗೆ ಹಣ ಹೂಡುವವನ ನೆನಪಾದೀತು. ಹಿಪ್-ಹಾಪ್‌ನಲ್ಲಿ ಪ್ರೊಡ್ಯೂಸರ್ ಎಂದರೆ ಹೆಚ್ಚುಕಡಿಮೆ ನಮ್ಮ ಸಂಗೀತ ನಿರ್ದೇಶಕ. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಚೂರುಗಳನ್ನು ಹೆಕ್ಕಿ, ಸ್ಯಾಂಪ್ಲರ್ ಯಂತ್ರದಲ್ಲಿ ಕತ್ತರಿಸಿ, ತಾಳವಾದ್ಯದ ಹೊಡೆತಗಳೊಡನೆ ಜೋಡಿಸಿ 'ಬೀಟ್' ಕಟ್ಟುವುದು ಅವನ ಕೆಲಸ. ಅದರ ಮೇಲೆ ರ‍್ಯಾಪರ್ ಮಾತು ಹೆಣೆಯುತ್ತಾನೆ. ಹೆಸರು ರ‍್ಯಾಪರ್‌ಗೆ ಹೋಗುತ್ತದೆ.

ಡಿಲಾನ ವಿಷಯದಲ್ಲಿ ಈ ಮರೆವು ಇನ್ನೂ ಗಾಢವಾಗಿತ್ತು. 1995ರಲ್ಲಿ ದಿ ಫಾರ್‌ಸೈಡ್ ತಂಡದ 'ರನ್ನಿನ್', 1996ರಲ್ಲಿ ಡಿ ಲಾ ಸೋಲ್ ತಂಡದ 'ಸ್ಟೇಕ್ಸ್ ಈಸ್ ಹೈ', 2000ದಲ್ಲಿ ಕಾಮನ್ ಹಾಡಿದ 'ದಿ ಲೈಟ್' ಆತನ ಕೈಯಿಂದ ಬಂದವು. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದೊಡನೆ ದುಡಿದಾಗ 'ದಿ ಉಮ್ಮಾ' ಎಂಬ ಸಾಮೂಹಿಕ ಹೆಸರು ಮುಂದಾಯಿತು, ಆತ ಹಿಂದಾದ. ಡೆಟ್ರಾಯಿಟ್‌ನ ಕಾನಂಟ್ ಗಾರ್ಡನ್ಸ್ ಬಡಾವಣೆಯಲ್ಲಿ ಬೆಳೆದು, ಅಲ್ಲಿನ ಗೆಳೆಯರೊಂದಿಗೆ ಕಟ್ಟಿದ ಸ್ಲಂ ವಿಲೇಜ್ ತಂಡದ ಕ್ಯಾಸೆಟ್ಟುಗಳು ಸಂಗೀತಗಾರರ ನಡುವೆ ಕೈಯಿಂದ ಕೈಗೆ ದಾಟುತ್ತಿದ್ದ ಕಾಲದಲ್ಲೂ ಸಾಮಾನ್ಯ ಶ್ರೋತೃವಿಗೆ ಆತ ಅಪರಿಚಿತನೇ ಆಗಿದ್ದ.

ಸಂಗೀತಗಾರರು ಆತನಲ್ಲಿ ಕಂಡದ್ದಾದರೂ ಏನು? ಉತ್ತರವಿರುವುದು ಲಯದಲ್ಲಿ. ಆತ ಬಳಸುತ್ತಿದ್ದ ಅಕಾಯ್ ಎಂಪಿಸಿ 3000 ಯಂತ್ರಕ್ಕೆ ಬೆರಳಿನ ತಪ್ಪುಗಳನ್ನು ತಿದ್ದುವ ಗುಣವಿತ್ತು. ನುಡಿಸುವವನ ಹೊಡೆತ ಕೊಂಚ ಹಿಂದುಮುಂದಾದರೆ ಯಂತ್ರ ಅದನ್ನು ಎಳೆದು ಸಮಾನ ಅಂತರದ ಗೆರೆಯ ಮೇಲೆ ಕೂರಿಸುತ್ತಿತ್ತು. ಎರಡನೆಯ ಸೌಲಭ್ಯ 'ಸ್ವಿಂಗ್': ಜೋಡಿ ಹೊಡೆತಗಳಲ್ಲಿ ಎರಡನೆಯದನ್ನು ಇಷ್ಟೇ ಪ್ರಮಾಣದಲ್ಲಿ ತಡಮಾಡಿ ತೂಗಾಟ ಹುಟ್ಟಿಸುವುದು. ಇವೆರಡನ್ನೂ ರೂಪಿಸಿದವರು ರೋಜರ್ ಲಿನ್ ಎಂಬ ಯಂತ್ರತಜ್ಞ. ಡಿಲಾ ತಿದ್ದುವ ಗುಣವನ್ನು ಆರಿಸಿಬಿಟ್ಟು ಮನಬಂದಂತೆ ನುಡಿಸುತ್ತಿದ್ದ ಎಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಪತ್ರಕರ್ತ ಡ್ಯಾನ್ ಚಾರ್ನಸ್ 2022ರಲ್ಲಿ ಪ್ರಕಟಿಸಿದ 'ಡಿಲಾ ಟೈಮ್' ಎಂಬ ಗ್ರಂಥದಲ್ಲಿ ಇದನ್ನು ಅಲ್ಲಗಳೆದಿದ್ದಾರೆ. ಅವರ ಪ್ರಕಾರ ಡಿಲಾ ಮಾಡಿದ್ದು ಲೆಕ್ಕಾಚಾರದ ಕೆಲಸ. ಒಂದು ವಾದ್ಯವನ್ನು ನೇರ ಲಯದಲ್ಲಿಟ್ಟು, ಮತ್ತೊಂದಕ್ಕೆ ತೂಗಾಟ ಕೊಟ್ಟು, ಮೂರನೆಯದನ್ನು ಒಂದು ಕೂದಲೆಳೆಯಷ್ಟು ಮುಂದಕ್ಕೋ ಹಿಂದಕ್ಕೋ ಸರಿಸಿ ಮೂರನ್ನೂ ಒಟ್ಟಿಗೇ ಓಡಿಸುತ್ತಿದ್ದ.

ಕರ್ನಾಟಕ ಸಂಗೀತ ಬಲ್ಲವರಿಗೆ ಅತೀತ, ಅನಾಗತ ಗ್ರಹಗಳ ಪರಿಚಯವಿದೆ. ತಾಳದ ಆರಂಭಕ್ಕಿಂತ ಮುಂಚೆ ಅಥವಾ ನಂತರ ಹಾಡನ್ನು ಎತ್ತಿಕೊಳ್ಳುವ ಕ್ರಮ ಅದು. ಅಲ್ಲಿ ಅಂತರವನ್ನು ಕೈಬೆರಳಿನಲ್ಲಿ ಎಣಿಸಬಹುದು. ಡಿಲಾನ ಬೀಟ್‌ಗಳಲ್ಲಿ ಅಂತರ ಎಣಿಕೆಗೆ ಸಿಗದಷ್ಟು ಸೂಕ್ಷ್ಮ, ಕಿವಿಗೆ ಮಾತ್ರ ಸ್ಪಷ್ಟ. ಕೇಳುವವನಿಗೆ ತಾಳ ಎಡವಿತು ಅನ್ನಿಸುವಷ್ಟರಲ್ಲಿ ಅದು ನಿಂತ ನೆಲ ಗಟ್ಟಿಯಾಗಿಯೇ ಇರುತ್ತದೆ. ದಿ ರೂಟ್ಸ್ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್, ತಾನು ವರ್ಷಗಟ್ಟಲೆ ಶ್ರಮಿಸಿ ಗಳಿಸಿದ ಯಂತ್ರದಂಥ ನಿಖರತೆಯನ್ನು ಡಿಲಾನ ಸಂಗೀತ ಕೇಳಿದ ಮೇಲೆ ಬೇಕೆಂದೇ ಬಿಟ್ಟುಕೊಡಬೇಕಾಯಿತು ಎಂದು ಹಲವೆಡೆ ಹೇಳಿಕೊಂಡಿದ್ದಾರೆ. 2000ದಲ್ಲಿ ಬಂದ ಡಿ'ಆಂಜೆಲೊನ 'ವೂಡೂ' ಆಲ್ಬಂನ ಜೋಲುವ ನಡೆ ಈ ಪ್ರಭಾವದ ಫಲ. ಯಂತ್ರವು ಮನುಷ್ಯನನ್ನು ಅನುಕರಿಸುವುದು ವಾಡಿಕೆ. ಇಲ್ಲಿ ಮನುಷ್ಯರು ಯಂತ್ರದಲ್ಲಿ ಕಟ್ಟಿದ ಲಯವನ್ನು ಅನುಕರಿಸಲು ಕುಳಿತರು.

ಈ ಹಂತದಲ್ಲಿ ಕಾಯಿಲೆ ಆವರಿಸಿತು. ರಕ್ತದ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟಿಸುವ ಟಿಟಿಪಿ ಎಂಬ ವಿರಳ ವ್ಯಾಧಿಯ ಜೊತೆಗೆ ಲೂಪಸ್ ಕೂಡ ಸೇರಿಕೊಂಡಿತು. 2005ರ ಕೊನೆಯಲ್ಲಿ ಯುರೋಪ್ ಪ್ರವಾಸಕ್ಕೆ ಹೋದಾಗ ಡಿಲಾ ಗಾಲಿಕುರ್ಚಿಯಲ್ಲಿ ಕುಳಿತೇ ವೇದಿಕೆಯ ಮೇಲೆ ಕಾಣಿಸಿಕೊಂಡಿದ್ದ. 2006ರ ಫೆಬ್ರುವರಿ 7ರಂದು, ಆತನ ಜನ್ಮದಿನದಂದೇ, ಸ್ಟೋನ್ಸ್ ಥ್ರೋ ಸಂಸ್ಥೆ ಮಾತಿಲ್ಲದ 31 ಕಿರು ತುಣುಕುಗಳ 'ಡೋನಟ್ಸ್' ಆಲ್ಬಂ ಬಿಡುಗಡೆ ಮಾಡಿತು. ಇಡೀ ಆಲ್ಬಂ ಆಸ್ಪತ್ರೆಯ ಹಾಸಿಗೆಯ ಮೇಲೆ, ಸಾವನ್ನು ಎದುರಿಗಿಟ್ಟುಕೊಂಡು ತಯಾರಾಯಿತು ಎಂಬ ಐತಿಹ್ಯ ಕೂಡಲೇ ಹುಟ್ಟಿಕೊಂಡಿತು. ಚಾರ್ನಸ್ ಕಲೆಹಾಕಿದ ಮಾಹಿತಿಯಂತೆ ಅದರ ಬಹುಭಾಗ ಆಸ್ಪತ್ರೆ ಸೇರುವ ಮೊದಲೇ ಸಿದ್ಧವಾಗಿದ್ದ ಬೀಟ್‌ಗಳು. ಅವನ್ನು ಆಲ್ಬಂನ ಅಳತೆಗೆ ಹಿಗ್ಗಿಸುವ ಕೆಲಸದಲ್ಲಿ ಸಂಸ್ಥೆಯವರ ಕೈಯೂ ಇತ್ತು. ಐತಿಹ್ಯ ಸುಳ್ಳಾದರೆ ಸಂಗೀತದ ಬೆಲೆ ಇಳಿಯುವುದಿಲ್ಲ. ಆದರೆ ಸಾವಿನ ಕಥೆಯೊಂದು ಅಂಟಿಕೊಂಡ ಮೇಲೆ ಪ್ರತಿ ತುಣುಕಿನಲ್ಲೂ ವಿದಾಯದ ಸಂಕೇತ ಹುಡುಕುವ ಚಟಕ್ಕೆ ಕೊನೆಯೇ ಇಲ್ಲವಾಯಿತು. ವಿಮರ್ಶಕರೂ ಅದಕ್ಕೆ ಹೊರತಾಗಿರಲಿಲ್ಲ.

'ದಿ ಶೈನಿಂಗ್' ಈ ಭಾವುಕತೆಯ ನಡುವೆ ಬಂದ ಆಲ್ಬಂ. ಡಿಲಾ ತೀರಿಕೊಂಡಾಗ ಅದರ ಸುಮಾರು ಮುಕ್ಕಾಲು ಭಾಗ ಮುಗಿದಿತ್ತು. ಉಳಿದದ್ದನ್ನು ಮುಗಿಸಿಕೊಟ್ಟವನು ಡೆಟ್ರಾಯಿಟ್‌ನವನೇ ಆದ ಗೆಳೆಯ, ಜಾಝ್ ಡ್ರಮ್ಮರ್ ಕರೀಮ್ ರಿಗ್ಗಿನ್ಸ್. ಬ್ರಿಟನ್ನಿನ ಬಿಬಿಇ ಸಂಸ್ಥೆ ಹೊರತಂದ ಈ ಆಲ್ಬಂನಲ್ಲಿ ಕಾಮನ್, ಡಿ'ಆಂಜೆಲೊ, ಬಸ್ಟಾ ರೈಮ್ಸ್, ಬ್ಲ್ಯಾಕ್ ಥಾಟ್, ಫರೋ ಮಾಂಚ್, ಮ್ಯಾಡ್‌ಲಿಬ್ ಮೊದಲಾದವರ ದನಿಯಿದೆ. ಆಯ್ಕೆ ಇಲ್ಲಿ ಮಹತ್ವದ್ದು. ಮೃತನ ಕೈಚಳಕವನ್ನು ಹತ್ತಿರದಿಂದ ಬಲ್ಲವನೊಬ್ಬ, ಏನನ್ನು ಸೇರಿಸಬಾರದು ಎಂಬ ವಿವೇಕವುಳ್ಳವನು, ಕೆಲಸ ವಹಿಸಿಕೊಂಡದ್ದರಿಂದ ಆಲ್ಬಂ ತೇಪೆ ಹಚ್ಚಿದ ಬಟ್ಟೆಯಂತೆ ಕಾಣುವುದಿಲ್ಲ. 'ಡೋನಟ್ಸ್'ನಷ್ಟು ದಿಟ್ಟವಾದ ಕೃತಿ ಇದಲ್ಲ. ಅತಿಥಿಗಳ ಸಂದಣಿಯಲ್ಲಿ ಕೆಲವೆಡೆ ಬೀಟ್ ಹಿಂದೆ ಸರಿಯುತ್ತದೆ. ಆದರೂ ಡಿಲಾ ಸ್ವತಃ ದನಿಗೂಡಿಸಿರುವ ಕೊನೆಯ 'ವೋಂಟ್ ಡೂ' ಕೇಳಿದಾಗ ಶೋಕಗೀತೆಯ ಛಾಯೆ ಲವಲೇಶವೂ ಇಲ್ಲದಿರುವುದು ಗಮನಕ್ಕೆ ಬರುತ್ತದೆ. ಬದುಕಿರುವವನ ಉಡಾಫೆ ಅದರಲ್ಲಿದೆ.

ಅದೇ ಆಲ್ಬಂನ 'ಸೋ ಫಾರ್ ಟು ಗೋ' ಹಾಡಿನ ಪಯಣವನ್ನು ಗಮನಿಸಿದರೆ ಒಂದು ಬೀಟ್ ಎಷ್ಟು ಕೈ ದಾಟುತ್ತದೆಂಬುದು ತಿಳಿಯುತ್ತದೆ. ಮೂಲದಲ್ಲಿ ಇದು ಐಸ್ಲಿ ಬ್ರದರ್ಸ್ ಹಾಡಿನ ಒಂದು ಚೂರು. ಡಿಲಾನ ಕತ್ತರಿಗೆ ಸಿಕ್ಕು 'ಡೋನಟ್ಸ್'ನಲ್ಲಿ 'ಬೈ' ಎಂಬ ತುಣುಕಾಯಿತು. ಕಾಮನ್ ಮತ್ತು ಡಿ'ಆಂಜೆಲೊ ದನಿ ಸೇರಿ 'ದಿ ಶೈನಿಂಗ್'ಗೆ ಬಂತು. 2007ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಕಾಮನ್‌ನ 'ಫೈಂಡಿಂಗ್ ಫಾರೆವರ್'ನಲ್ಲಿ ಮತ್ತೊಮ್ಮೆ ಕಾಣಿಸಿಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಡಿ'ಆಂಜೆಲೊ ಕೂಡ ತೀರಿಕೊಂಡಿದ್ದರಿಂದ ಆ ಹಾಡಿನ ಎರಡು ಪ್ರಧಾನ ದನಿಗಳಲ್ಲಿ ಈಗ ಉಳಿದಿರುವುದು ಕಾಮನ್ ಒಬ್ಬನದು.

ಇನ್ನು ಹಣದ ಪ್ರಶ್ನೆ. ಡಿಲಾ ಉಯಿಲು ಬರೆದಿಟ್ಟಿದ್ದ; ಅದರ ಜಾರಿಯ ಹೊಣೆ ಬಿದ್ದದ್ದು ಆತನ ಲೆಕ್ಕಪರಿಶೋಧಕರ ಮೇಲೆ. ಆದಾಯ ತೆರಿಗೆಯ ದೊಡ್ಡ ಬಾಕಿಯಿತ್ತು. ಕಾನೂನಿನ ಕಣ್ಣಿನಲ್ಲಿ ಉಯಿಲು ಜಾರಿ ಮಾಡುವವರ ಮೊದಲ ಕರ್ತವ್ಯ ಸಾಲಗಾರರ ಬಾಕಿ ತೀರಿಸುವುದು, ವಾರಸುದಾರರ ಸರದಿ ನಂತರ. ಅನುಮತಿಯಿಲ್ಲದೆ ಡಿಲಾನ ಬೀಟ್ ಬಳಸಬಾರದು, ಹೆಸರು ಹಾಕಬಾರದು ಎಂಬ ಎಚ್ಚರಿಕೆಗಳು ಎಸ್ಟೇಟ್ ಕಡೆಯಿಂದ ಹೊರಟವು. 'ಮಾ ಡ್ಯೂಕ್ಸ್' ಎಂದೇ ಖ್ಯಾತರಾದ ತಾಯಿ ಮೌರೀನ್ ಯಾನ್ಸಿ, ಮಗನ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ಇದ್ದವರು, ಮಗನ ಹೆಸರಿನಲ್ಲಿ ಏನು ಮಾಡಲೂ ತಮಗೆ ಅಧಿಕಾರವಿಲ್ಲದಂತಾಗಿದೆ ಎಂದು ಬಹಿರಂಗವಾಗಿಯೇ ನೋವು ತೋಡಿಕೊಂಡರು. ಬಸ್ಟಾ ರೈಮ್ಸ್ 2007ರಲ್ಲಿ ಡಿಲಾ ಬೀಟ್‌ಗಳ ಮೇಲೆ ಕಟ್ಟಿದ 'ಡಿಲಾಜೆನ್ಸ್' ಅಂಗಡಿಗೆ ಬರಲಿಲ್ಲ. ಅಂತರ್ಜಾಲದಲ್ಲಿ ಉಚಿತವಾಗಿ ಹರಿದಾಡಿತು. ಎಸ್ಟೇಟ್‌ನ ಆಡಳಿತ ಬದಲಾಗಿ ತಾಯಿಗೂ ಅದಕ್ಕೂ ಹೊಂದಾಣಿಕೆ ಮೂಡಲು ವರ್ಷಗಳೇ ಹಿಡಿದವು.

ಎಸ್ಟೇಟ್‌ನವರನ್ನು ಖಳನಾಯಕರಂತೆ ಚಿತ್ರಿಸುವುದು ಅಭಿಮಾನಿಗಳಿಗೆ ಸುಲಭವಾಗಿತ್ತು. ವಾಸ್ತವ ಅಷ್ಟು ಸರಳವಿಲ್ಲ. ಅಭಿಮಾನದ ಹೆಸರಿನಲ್ಲಿ ಬೀಟ್‌ಗಳನ್ನು ಹಂಚಿ, ಅಂಗಿಯ ಮೇಲೆ ಮುಖ ಅಚ್ಚು ಹಾಕಿಸಿ ಮಾರಿದವರಲ್ಲಿ ಎಷ್ಟು ಮಂದಿ ಆತನ ಮಕ್ಕಳಿಗೆ ಒಂದು ಡಾಲರ್ ತಲುಪಿಸಿದರು ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಇದರೊಳಗೆ ಮತ್ತೊಂದು ತೊಡಕಿದೆ. ಡಿಲಾನ ಕಚ್ಚಾ ಸಾಮಗ್ರಿಯೇ ಬೇರೆಯವರ ಧ್ವನಿಮುದ್ರಿಕೆ. ಮಿಷಿಗನ್ ರಾಜ್ಯವೂ ಸೇರಿದ ಆರನೇ ಸರ್ಕ್ಯೂಟ್‌ನ ಮೇಲ್ಮನವಿ ನ್ಯಾಯಾಲಯ 'ಬ್ರಿಜ್‌ಪೋರ್ಟ್' ಪ್ರಕರಣದಲ್ಲಿ 2005ರಲ್ಲಿ ಖಚಿತಪಡಿಸಿದ ತೀರ್ಪಿನ ಪ್ರಕಾರ, ಧ್ವನಿಮುದ್ರಿಕೆಯ ಅತಿಚಿಕ್ಕ ಚೂರು ಬಳಸಿದರೂ ಪರವಾನಗಿ ಬೇಕು. 2016ರಲ್ಲಿ ಕ್ಯಾಲಿಫೋರ್ನಿಯಾ ವ್ಯಾಪ್ತಿಯ ಒಂಬತ್ತನೇ ಸರ್ಕ್ಯೂಟ್ ಇದನ್ನು ಒಪ್ಪಲಿಲ್ಲ. ಗುರುತಿಸಲಾಗದಷ್ಟು ಅಲ್ಪ ಬಳಕೆ ಉಲ್ಲಂಘನೆಯಲ್ಲ ಎಂದಿತು. ಡಿಲಾ ಬೆಳೆದ ಊರಿಗೆ ಒಂದು ನ್ಯಾಯ, ಸತ್ತ ಊರಿಗೆ ಇನ್ನೊಂದು! ಹೀಗಾಗಿ ಆತನ ಸಂಗ್ರಹದಲ್ಲಿ ಉಳಿದ ಬೀಟ್‌ಗಳನ್ನು ಪ್ರಕಟಿಸಹೊರಟವರು ಎರಡು ಬಾಗಿಲು ತಟ್ಟಬೇಕು: ಡಿಲಾನ ವಾರಸುದಾರರದು, ಮತ್ತು ಡಿಲಾ ಯಾರಿಂದ ಚೂರು ತೆಗೆದುಕೊಂಡನೋ ಅವರದು.

ನಂತರ ಬಂದ ಆಲ್ಬಂಗಳಲ್ಲಿ 2009ರ 'ಜೇ ಸ್ಟೇ ಪೇಡ್' ತಾಯಿಯ ಉಸ್ತುವಾರಿಯಲ್ಲಿ, ಡಿಲಾ ಗುರುಸ್ಥಾನದಲ್ಲಿಟ್ಟಿದ್ದ ಪೀಟ್ ರಾಕ್ ಕೈಯಲ್ಲಿ ರೂಪುಗೊಂಡಿತು. 2016ರ 'ದಿ ಡೈರಿ' ಬೇರೆಯೇ ಬಗೆಯದು. 2002ರ ಸುಮಾರಿಗೆ ಎಂಸಿಎ ಸಂಸ್ಥೆಗಾಗಿ ಡಿಲಾ ರ‍್ಯಾಪರ್ ಆಗಿ ಸಿದ್ಧಪಡಿಸಿ, ಸಂಸ್ಥೆ ಮೂಲೆಗೆ ಹಾಕಿದ್ದ ಕೃತಿ ಅದು. ಹದಿನಾಲ್ಕು ವರ್ಷಗಳ ನಂತರ ಕೇಳಿದವರಿಗೆ ಅದು ಸಾಧಾರಣ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ನನಗಂತೂ ಅದರ ಬೆಲೆ ದಾಖಲೆಯ ಬೆಲೆ: ಆತ ತನ್ನನ್ನು ತೆರೆಮರೆಯ ತಂತ್ರಜ್ಞನೆಂದಷ್ಟೇ ಭಾವಿಸಿರಲಿಲ್ಲ, ಮುಂದೆ ನಿಂತು ಹಾಡುವ ಹಂಬಲವೂ ಇತ್ತೆಂಬುದಕ್ಕೆ ಸಾಕ್ಷಿ.

ಪ್ರಭಾವದ ವ್ಯಾಪ್ತಿ ಈ ಆಲ್ಬಂಗಳಿಗಿಂತ ಬಹಳ ದೊಡ್ಡದು. ಜಾಝ್ ಪಿಯಾನೋ ವಾದಕ ರಾಬರ್ಟ್ ಗ್ಲಾಸ್ಪರ್, ಡ್ರಮ್ಮರ್ ಕ್ರಿಸ್ ಡೇವ್ ಇದೇ ಲಯವನ್ನು ಜಾಝ್ ವೇದಿಕೆಗೆ ಒಯ್ದರು. 2009ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಿಗೆಲ್ ಆಟ್‌ವುಡ್-ಫರ್ಗ್ಯೂಸನ್ ಪೂರ್ಣ ವಾದ್ಯವೃಂದಕ್ಕೆ ಡಿಲಾನ ಕೃತಿಗಳನ್ನು ಅಳವಡಿಸಿ 'ಸೂಟ್ ಫಾರ್ ಮಾ ಡ್ಯೂಕ್ಸ್' ನುಡಿಸಿದರು. ಒಡನಾಡಿ ಮ್ಯಾಡ್‌ಲಿಬ್ ಎರಡು ಸಂಪುಟಗಳ ಬೀಟ್‌ಗಳನ್ನು ಆತನಿಗೇ ಅರ್ಪಿಸಿದ. ಅದಕ್ಕೂ ಮೊದಲಿನ ಸಂಪುಟಗಳಲ್ಲಿ ಭಾರತೀಯ ಚಿತ್ರಗೀತೆಗಳ ಚೂರುಗಳನ್ನೇ ಕತ್ತರಿಸಿ ಪೋಣಿಸಿದವನು ಈತ ಎಂಬುದು ನಮ್ಮವರ ಕುತೂಹಲ ಕೆರಳಿಸಬಹುದು. ಓದುವಾಗ ಕೇಳಲೆಂದು ಯುವಜನರು ಅಂತರ್ಜಾಲದಲ್ಲಿ ಹಾಕಿಕೊಳ್ಳುವ 'ಲೋ-ಫೈ' ಸಂಗೀತದ ವಂಶವೃಕ್ಷದಲ್ಲೂ ಡಿಲಾ ಬುಡದಲ್ಲೇ ನಿಲ್ಲುತ್ತಾನೆ. ಆ ಹಾಡುಗಳಲ್ಲಿ ಹೆಚ್ಚಿನವು ಆತನ ಎಡವುವ ತಾಳವನ್ನು ಮಾತ್ರ ಎರವಲು ಪಡೆದು, ಎಡವಿಯೂ ಬೀಳದಿರುವ ಕಲೆಯನ್ನು ಬಿಟ್ಟಿವೆ.

ಡಿಲಾ ಬಳಸಿದ ಎಂಪಿಸಿ ಮತ್ತು ಆತನ ಮೂಗ್ ಸಿಂಥಸೈಜರ್ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿ ವಸ್ತುಸಂಗ್ರಹಾಲಯದ ಆಸ್ತಿ. 2014ರಲ್ಲಿ ಅವನ್ನು ದಾನವಾಗಿ ಕೊಟ್ಟವರು ಆತನ ತಾಯಿ.